ಕುತ್ತಿಗೆಗೆ ಮೂರು ತಿಂಗಳು ದಾರ ಬೇಡ

ನನ್ನ ನಾದಿನಿಯ ಕುತ್ತಿಗೆಯಲ್ಲಿ ಗಡ್ಡೆ ಇದೆ ಅಂತ ಗೊತ್ತಾದ ದಿನ ನನಗೆ ಖುಷಿಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳು ಸ್ಕೂಲಿನಿಂದ ಬಂದವಳು ಅಡುಗೆಮನೆ ಬಾಗಿಲಲ್ಲಿ ನಿಂತು, ತಲೆ ಎತ್ತಿ, ಚೊಂಬಿನಿಂದ ನೀರು ಕುಡಿಯುತ್ತಿದ್ದಳು. ಒಂದೊಂದು ಗುಟುಕು ಇಳಿದಾಗಲೂ ಗಂಟಲ ಬಲಗಡೆ ನಿಂಬೆಹಣ್ಣಿನ ಗಾತ್ರದ್ದು ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ನೋಡಿ ಸುಮ್ಮನಿದ್ದೆ. ಹದಿನೈದು ದಿನ ಸುಮ್ಮನಿದ್ದೆ. ಆಮೇಲೆ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ, ಅವಳು ಮಜ್ಜಿಗೆ ಲೋಟ ಎತ್ತಿದ ಹೊತ್ತು ನೋಡಿಕೊಂಡು, ನಿನ್ನ ಕುತ್ತಿಗೇಲಿ ಏನೋ ಓಡಾಡ್ತಿದೆಯಲ್ಲ ಅಂದೆ. ಅವಳ ಮುಖ ಬಿಳಿಚಿಕೊಂಡಿತು. ನಾನು ಇನ್ನೊಂದು ಸೌಟು ಸಾರು ಬಡಿಸಿಕೊಂಡೆ.

ನಮ್ಮದು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರದ ಮನೆ. ಮುಂದೆ ಕಾಯಿ ರಾಶಿ ಹಾಕುವ ಗೋಡೌನು, ಹಿಂದೆ ನಾವು. ನನ್ನ ಗಂಡ ಬೆಳಗಿನಿಂದ ಸಂಜೆತನಕ ಕಾಯಿ ಜೊತೆಗೇ ಇರುವವರು. ಮನೆಯೊಳಗೆ ಮೂರು ಹೆಂಗಸರು, ಅತ್ತೆ, ನಾದಿನಿ, ನಾನು. ಅತ್ತೆಯನ್ನು ನಾನು ಮದುವೆಯಾಗಿ ಬಂದ ದಿನದಿಂದ ಅವ್ವ ಅಂತಲೇ ಕರೆಯುವುದು. ನಾದಿನಿ ಊರಿನ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಮೇಡಂ. ಅವಳಿಗೆ ಅರಕಲಗೂಡಿನ ಕಡೆ ಒಂದು ಸಂಬಂಧ ಮಾತಾಗಿತ್ತು. ಹುಡುಗನಿಗೆ ಬೀಜ, ಗೊಬ್ಬರದ ಅಂಗಡಿ, ಒಳ್ಳೆ ಮನೆ, ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ ಅಂತ ಎರಡೂ ಕಡೆಯವರು ಬಾಯಿಮಾತಿನಲ್ಲಿ ಒಪ್ಪಿದ್ದರು.

ಖುಷಿಗೆ ಕಾರಣ ಹೇಳಬೇಕು. ಆಗ ನನಗೆ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಗಡ್ಡೆ ಕಾಣಿಸಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ನುಗ್ಗೇಹಳ್ಳಿಯ ನೆಂಟರ ಮನೆಯಲ್ಲಿ ಸೀಮಂತ. ಬಸುರಿಗೆ ಮಡಿಲಕ್ಕಿ ತುಂಬುವ ಸರದಿಯಲ್ಲಿ ನಾನೂ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಸರದಿ ಬಂತು. ಈ ನಾದಿನಿ ಪಕ್ಕದಿಂದ ಬಂದು ತಟ್ಟೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, 'ಅತ್ತಿಗೆ, ನೀವು ಬ್ಯಾಡ, ಒಳಗೆ ಪಾಯಸ ನೋಡ್ಕಳಿ' ಅಂದಳು. ಜೋರಾಗಿ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ಮಳೆ ಬರುವ ಹಾಗಿದೆ, ಬಟ್ಟೆ ಎತ್ತಿಕೊಳ್ಳಿ ಅನ್ನುವ ದನಿಯಲ್ಲಿ ಹೇಳಿದಳು. ಇಪ್ಪತ್ತು ಹೆಂಗಸರು ನೋಡಿದರು. ನಾನು ಒಳಗೆ ಹೋಗಿ ಪಾಯಸ ನೋಡಿಕೊಂಡೆ.

ಅವತ್ತು ನನ್ನ ಹಿಂದೆಯೇ ಒಳಗೆ ಬಂದವರು ಅವ್ವ ಒಬ್ಬರೇ. ನನ್ನ ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ತಾವೇ ಒಂದು ತಟ್ಟೆ ತುಂಬಿ, ನನ್ನ ಕೈಗೆ ಕೊಟ್ಟು, ಎಲ್ಲರ ಎದುರಿಗೂ ಬಸುರಿಯ ಮಡಿಲಿಗೆ ನನ್ನಿಂದಲೇ ಅಕ್ಕಿ ಹುಯ್ಯಿಸಿದರು. ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ಮಕ್ಕಳ ಮಾತು ಒಂದು ಸಲವೂ ಬಂದದ್ದಿಲ್ಲ. ಇದನ್ನು ಮುಂಚೆಯೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನಾನು ಮುಂದೆ ಮಾಡಿದ್ದು ಯಾರಿಗೆ ಮಾಡಿದ್ದು ಅನ್ನುವುದು ನಿಮಗೆ ಸರಿಯಾಗಿ ತಿಳಿಯಬೇಕು.

ಹಾಸನದ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ರಕ್ತ ಕೊಟ್ಟೆವು, ಸ್ಕ್ಯಾನ್ ಆಯಿತು. ಗಡ್ಡೆಗೆ ಸೂಜಿ ಚುಚ್ಚಿ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬರುವ ತನಕ ಆ ಹುಡುಗಿ ಅನ್ನ ಬಿಟ್ಟಳು. ನಾನು ಮಾತ್ರ ಚೆನ್ನಾಗಿ ಉಂಡೆ. ಕೆಟ್ಟದ್ದೇನೂ ಇಲ್ಲ, ಆದರೆ ಬೆಳೆಯುತ್ತಿದೆ, ಉಸಿರಿನ ಕೊಳವೆಯನ್ನು ಒತ್ತುತ್ತಿದೆ, ಥೈರಾಯ್ಡ್ ಗ್ರಂಥಿಯ ಬಲ ಅರ್ಧ ತೆಗೆಯಬೇಕು ಅಂದರು ಡಾಕ್ಟರು. ಮದುವೆ ಆದಮೇಲೆ ತೆಗೆಸಿದರೆ ಆಗುವುದಿಲ್ಲವೇ ಅಂತ ನನ್ನ ಗಂಡ ಕೇಳಿದರು. ಆಗುತ್ತೆ, ಆದರೆ ಮದುವೆ ಫೋಟೋದಲ್ಲಿ ಗಡ್ಡೆಯೂ ಬರುತ್ತೆ ಅಂದರು ಡಾಕ್ಟರು. ಅಷ್ಟು ಹೇಳಿದ್ದೇ ಸಾಕಾಯಿತು.

ಅರಕಲಗೂಡಿನವರಿಗೆ ಹೇಳಬಾರದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಕುತ್ತಿಗೆ ಕೊಯ್ಸಿಕೊಂಡ ಹುಡುಗಿ ಅಂತ ಒಂದು ಸಲ ಬಾಯಿಂದ ಬಾಯಿಗೆ ಬಿದ್ದರೆ ಅದನ್ನು ಯಾರು ಒರೆಸುತ್ತಾರೆ? ಚನ್ನರಾಯಪಟ್ಟಣದಲ್ಲಿ ಮಲಗಿಸಿದರೆ ನೋಡಲು ಬರುವವರ ಕಾಟ. ಅದಕ್ಕೆ ಹಾಸನದಿಂದ ನೇರ ಹೊಳೆನರಸೀಪುರಕ್ಕೆ, ನನ್ನ ತವರಿಗೆ ಕರೆದುಕೊಂಡು ಹೋಗುವುದು, ಗಾಯ ಒಣಗುವತನಕ ಅವ್ವ, ಅವಳು, ನಾನು ಮೂವರೂ ಅಲ್ಲೇ ಇರುವುದು. ಯಾರಾದರೂ ಕೇಳಿದರೆ, ಅತ್ತಿಗೆಯ ತಾಯಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಅನ್ನುವುದು. ಗುಂಡುಕಲ್ಲಿನ ಹಾಗಿದ್ದ ನಮ್ಮಮ್ಮನನ್ನು ಎಲ್ಲರೂ ಸೇರಿ ಕಾಯಿಲೆಯವಳನ್ನಾಗಿ ಮಾಡಿದರು. ಕಲೆ ಎಷ್ಟು ದಿನಕ್ಕೆ ಮಾಸುತ್ತೆ ಅಂತ ನಾದಿನಿ ಡಾಕ್ಟರನ್ನು ಮೂರು ಸಲ ಕೇಳಿದಳು. ಚೆನ್ನಾಗಿ ನೋಡಿಕೊಂಡರೆ ನಿಶ್ಚಿತಾರ್ಥದ ಹೊತ್ತಿಗೆ ಕುತ್ತಿಗೆಯ ಗೆರೆಯಲ್ಲಿ ಗೆರೆಯಾಗಿ ಹೋಗುತ್ತೆ, ನೋಡಿಕೊಳ್ಳದಿದ್ದರೆ ಉಬ್ಬಿ ಹಗ್ಗದ ಹಾಗೆ ಹುರಿಗಟ್ಟುತ್ತೆ, ನಿನ್ನ ಚರ್ಮ ಅಂಥದ್ದು ಅಂದರು. ಅವಳ ಕಿವಿ ಚುಚ್ಚಿದ ಜಾಗದಲ್ಲಿ ಒಂದು ಸಣ್ಣ ಗಂಟು ಎದ್ದಿತ್ತು, ಅದನ್ನು ಮುಟ್ಟಿ ನೋಡಿಯೇ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

ಆಪರೇಷನ್ನಿನ ಹಿಂದಿನ ದಿನ ಮೂಗಿನಿಂದ ಸಣ್ಣ ಕ್ಯಾಮೆರಾ ಬಿಟ್ಟು ಆ ಅನ್ನಿ, ಈ ಅನ್ನಿ ಅಂತ ದನಿಯ ನರ ನೋಡಿದರು. ಬೆಳಿಗ್ಗೆ ಹೊಟ್ಟೆಗೆ ನೀರೂ ಇಲ್ಲ. ನರ್ಸು ಬಂದು ಬಳೆ, ಉಂಗುರ, ಮೂಗುಬೊಟ್ಟು ಎಲ್ಲ ಬಿಚ್ಚಿ, ಉಗುರುಬಣ್ಣ ಅಳಿಸಿ, ಎರಡು ಜಡೆ ಹಾಕಿ ಅಂದಳು. ಮೂಗುಬೊಟ್ಟಿನ ತಿರುಪು ಕೊಳೆ ಕಟ್ಟಿ ಬರಲಿಲ್ಲ. ಸೋಪು ಹಚ್ಚಿ ನಾನೇ ತಿರುಗಿಸಿದೆ. ಅವಳ ಕಣ್ಣಲ್ಲಿ ನೀರು ಬಂತು, ನಾನು ಬೇಕಾದಷ್ಟಕ್ಕಿಂತ ಒಂದು ಸುತ್ತು ಹೆಚ್ಚೇ ತಿರುಗಿಸಿದೆ.

ಕೊನೆಗೆ ಉಳಿದದ್ದು ಲಿಂಗ. ನಮ್ಮಲ್ಲಿ ಹುಟ್ಟಿದ ಕೂಸಿಗೇ ಲಿಂಗ ಕಟ್ಟುತ್ತಾರೆ. ದೊಡ್ಡವರಾದ ಮೇಲೆ ಬೆಳ್ಳಿ ಕರಡಿಗೆಯಲ್ಲಿಟ್ಟು, ಶಿವದಾರ ಪೋಣಿಸಿ, ಕೊರಳಿಗೆ ಹಾಕಿಕೊಳ್ಳುವುದು. ಈಗಿನ ಕಾಲದಲ್ಲಿ ಎಷ್ಟೋ ಜನ ದೇವರ ಗೂಡಿನಲ್ಲಿಟ್ಟು ಮರೆಯುತ್ತಾರೆ. ಅವ್ವನ ಮನೆಯಲ್ಲಿ ಅದು ನಡೆಯುವುದಿಲ್ಲ. ಮೈಯಿಂದ ಲಿಂಗ ಬೇರೆಯಾಗಬಾರದು, ಅಷ್ಟೇ. ಕುತ್ತಿಗೆಯಲ್ಲಿ ಏನೂ ಇರಕೂಡದು ಅಂದಳು ನರ್ಸು. ಅವ್ವ ಸ್ಟ್ರೆಚರಿನ ಸರಳು ಹಿಡಿದು ನಿಂತುಬಿಟ್ಟರು. ಆಮೇಲೆ ಡಾಕ್ಟರೇ ಬಂದು, ಬೆಳ್ಳಿ ಬೇಡ, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ ಅಂದರು. ಅವ್ವ ತಮ್ಮ ಸೀರೆ ಪೆಟ್ಟಿಗೆಯಿಂದ ತಂದಿದ್ದ ಬಿಳಿ ಬಟ್ಟೆ ಹರಿದು, ಮಗಳ ಎಡತೋಳಿಗೆ ಎರಡು ಸುತ್ತು ಕಟ್ಟಿ, ಕಣ್ಣಿಗೊತ್ತಿಕೊಂಡು ಸರಳು ಬಿಟ್ಟರು. ತೋಳಿಗೆ ಕಟ್ಟುವುದಕ್ಕೆ ಅವ್ವನ ತಕರಾರೇ ಇರಲಿಲ್ಲ. ಇದನ್ನೂ ನೆನಪಿಡಿ.

ಎರಡೂವರೆ ಗಂಟೆ ಆಪರೇಷನ್ ಆಯಿತು. ಹೊರಗೆ ಬಂದಾಗ ದನಿ ಸರಿಯಾಗಿತ್ತು, ಕುತ್ತಿಗೆಯ ಬುಡದಲ್ಲಿ ಅಡ್ಡಕ್ಕೆ ಎರಡು ಅಂಗುಲದ ಗಾಯ, ಮೇಲೆ ಬಿಳಿ ಪಟ್ಟಿ. ಮೂರನೆ ದಿನ ಮನೆಗೆ ಕಳಿಸುವಾಗ ಡಾಕ್ಟರು ಮನೆಯವರು ಒಬ್ಬರು ಬನ್ನಿ ಅಂದರು. ಅವ್ವ ವಾರ್ಡಿನಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು, ನಾನು ಹೋದೆ. ಹತ್ತು ದಿನಕ್ಕೆ ಪಟ್ಟಿ ತೆಗೆಯಿರಿ, ಆಮೇಲೆ ದಿನಕ್ಕೆ ಎರಡು ಸಲ ಈ ಜೆಲ್ ಹಚ್ಚಿ, ಮೂರನೆ ವಾರದಿಂದ ಬೆರಳ ತುದಿಯಲ್ಲಿ ಒತ್ತಿ ಒತ್ತಿ ತಿಕ್ಕಿ, ಬಿಸಿಲಿಗೆ ಹೋದರೆ ಸೆರಗು ಮುಚ್ಚಿ ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, ಮುಖ್ಯವಾದದ್ದು ಈಗ ಹೇಳ್ತೀನಿ ಅಂದರು. 'ಕುತ್ತಿಗೆಗೆ ಮೂರು ತಿಂಗಳು ದಾರ ಬೇಡ. ಸರವೂ ಬೇಡ. ಲಿಂಗ ತೋಳಲ್ಲೇ ಇರಲಿ ಅಂತ ನಿಮ್ಮತ್ತೆಗೆ ತಿಳಿಸಿ ಹೇಳಿ, ಅವರು ನನ್ನ ಮಾತು ಕೇಳದಿದ್ರೂ ನಿಮ್ಮ ಮಾತು ಕೇಳ್ತಾರೆ.' ಇಷ್ಟನ್ನೂ ಅಚ್ಚು ಮಾಡಿದ ಒಂದು ಹಾಳೆಯನ್ನೂ ಕೊಟ್ಟರು. ದಾರದ ಸಾಲಿನ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದರು.

ಹೊಳೆನರಸೀಪುರದ ಮನೆಯಲ್ಲಿ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ಉರಿ ಹಾಕುತ್ತಾರೆ. ಹೋದ ಮಾರನೆ ದಿನ ಬೆಳಿಗ್ಗೆ ನೀರು ಕಾಯಿಸುವಾಗ ಆ ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಮಟ್ಟೆಗಳ ಮಧ್ಯೆ ಇಟ್ಟೆ. ಯಾರೋ ನನ್ನ ಕೈ ಹಿಡಿದು ಮಾಡಿಸಿದರು, ಏನೋ ಮಂಕು ಕವಿದಿತ್ತು ಅನ್ನುವ ಹಾಗೇನೂ ಇರಲಿಲ್ಲ. ತಲೆ ಸ್ಪಷ್ಟವಾಗಿತ್ತು. ಪಟ್ಟಿ ತೆಗೆಯುವ ದಿನಕ್ಕೆ ಕಾದೆ.

ಉಳಿದ ಆರೈಕೆಯಲ್ಲಿ ನನ್ನ ಕಡೆ ಬೆರಳು ತೋರಿಸುವ ಹಾಗಿರಲಿಲ್ಲ. ನುಂಗಲು ನೋವು ಅಂದರೆ ರಾಗಿ ಅಂಬಲಿ ಸೋಸಿ ಕೊಟ್ಟೆ. ಕೆಮ್ಮು ಬಂದಾಗ ಗಾಯ ಜಗ್ಗದ ಹಾಗೆ ಕುತ್ತಿಗೆಯ ಹಿಂದೆ ಕೈ ಕೊಟ್ಟೆ. ತಲೆಗೆ ನೀರು ಹಾಕುವಾಗ ಮಂಚದಂಚಿಗೆ ಮಲಗಿಸಿ, ಕೆಳಗೆ ಬಕೆಟ್ ಇಟ್ಟು, ಪಟ್ಟಿಗೆ ಒಂದು ಹನಿ ತಾಗದ ಹಾಗೆ ತೊಳೆದೆ. ಕೊಯ್ದು ತೆಗೆದ ಗಡ್ಡೆಯ ಪರೀಕ್ಷೆಯಲ್ಲೂ ಕೆಟ್ಟದ್ದೇನೂ ಇಲ್ಲ ಅಂತ ಫೋನು ಬಂದ ದಿನ ಅವಳು ನನ್ನ ಸೊಂಟ ತಬ್ಬಿಕೊಂಡು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಅನ್ನಿಸಿತು, ಅದನ್ನು ನುಂಗಿಕೊಂಡೆ.

ಹನ್ನೊಂದನೆ ದಿನ ಸೋಮವಾರ. ಹಿಂದಿನ ದಿನವೇ ಪಟ್ಟಿ ತೆಗೆದಾಗಿತ್ತು. ಗಾಯ ತೆಳ್ಳಗೆ, ನೇರವಾಗಿ, ಎಳೆ ದಾಳಿಂಬೆ ಬಣ್ಣದಲ್ಲಿ ಚೆನ್ನಾಗಿಯೇ ಇತ್ತು. ನಾದಿನಿ ಬಚ್ಚಲಲ್ಲಿದ್ದಳು. ಅವ್ವ ನಡುಮನೆಯಲ್ಲಿ ಕಾಲು ಚಾಚಿ ಕೂತು ಹೊಸ ಶಿವದಾರ ಹೊಸೆಯುತ್ತಿದ್ದರು. ಹೊಸ ದಾರ, ಗಂಜಿಯ ಬಿಗಿ ಹೋಗದ್ದು. ನಮ್ಮಮ್ಮ ಅದನ್ನು ಮುಟ್ಟಿ ನೋಡಿ, ಒರಟಾಗೈತಲ್ಲ ಬೀಗಿತ್ತಿ ಅಂದು ಅಡುಗೆಮನೆಗೆ ಹೋದಳು. ಅವ್ವ ನನ್ನ ಮುಖ ನೋಡಿದರು. 'ಈಗ ಕತ್ತಿಗಾಕ್ಬೋದೇನವ್ವ? ಡಾಕ್ಟ್ರು ಏನಾರ ಅಂದವ್ರಾ?'

'ಏನೂ ಅಂದಿಲ್ಲ ಅವ್ವ. ಹಾಕಿ.'

ಅವರ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ಹತ್ತು ದಿನದಿಂದ ಮಗಳ ಕೊರಳು ಬರಿದಾಗಿದೆ ಅಂತ ಒಳಗೊಳಗೇ ಕೊರಗಿದ್ದರು. ಅವ್ವನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ದಾರ ಗಿಡ್ಡವಾಗಿ ಕಟ್ಟುತ್ತಾರೆ, ಕರಡಿಗೆ ಕುತ್ತಿಗೆಯ ಗುಳಿಯ ಕೆಳಗೇ ಕೂರುತ್ತದೆ. ದಾರ ಗಾಯದ ಎರಡು ತುದಿಯನ್ನೂ ಸವರಿಕೊಂಡು ಇಳಿಯುತ್ತಿತ್ತು, ಬೆಳ್ಳಿಯ ಭಾರ ಅದನ್ನು ಕೆಳಗೆ ಎಳೆಯುತ್ತಿತ್ತು. ಅವಳು ಎದ್ದಾಗ, ಬಗ್ಗಿದಾಗ, ಕತ್ತು ತಿರುಗಿಸಿದಾಗ ಎಳೆ ಚರ್ಮದ ಮೇಲೆ ತಿಕ್ಕುತ್ತಿತ್ತು. ನಾನು ಬೆಳಿಗ್ಗೆ ಸಂಜೆ ದಾರ ಪಕ್ಕಕ್ಕೆ ಸರಿಸಿ, ಜೆಲ್ ಹಚ್ಚಿ, ಮತ್ತೆ ದಾರವನ್ನು ಅದರ ಜಾಗಕ್ಕೇ ತರುತ್ತಿದ್ದೆ.

ತಿಂಗಳು ತುಂಬುವಷ್ಟರಲ್ಲಿ ತುದಿಗಳು ಕೆಂಪೇರಿ ತುರಿಸತೊಡಗಿದವು. ಒಂದೂವರೆ ತಿಂಗಳಿಗೆ ಗೆರೆ ದಪ್ಪವಾಯಿತು. ಆರು ವಾರಕ್ಕೆ ತೋರಿಸಿ ಅಂದಿದ್ದರು. ಶಿವರಾತ್ರಿ ಕಳೆಯಲಿ ಅಂತ ನಾನೇ ಮುಂದಕ್ಕೆ ತಳ್ಳಿದೆ. ಅಷ್ಟು ಹೊತ್ತಿಗೆ ಚನ್ನರಾಯಪಟ್ಟಣಕ್ಕೆ ವಾಪಸಾಗಿದ್ದೆವು, ಅವಳು ಕುತ್ತಿಗೆಗೆ ವೇಲು ಸುತ್ತಿಕೊಂಡು ಪಾಠ ಮಾಡಲು ಹೋಗುತ್ತಿದ್ದಳು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಅತ್ತಿಗೆ, ಇವತ್ತು ಕಮ್ಮಿ ಆಗೈತಾ ಅಂತ ಕೇಳುವಳು. ಆಗ್ತಾ ಇದೆ ಅನ್ನುವೆ. ಕಲೆ ಹುರಿಗಟ್ಟಿ, ಎರಡು ತುದಿಯಲ್ಲಿ ಹುಣಸೆಬೀಜದಷ್ಟು ಉಬ್ಬಿ, ಹೊಳೆಯುತ್ತಿತ್ತು. ಅಡುಗೆಮನೆಗೆ ಹೋಗಿ ಒಬ್ಬಳೇ ನಿಂತಾಗ ನುಗ್ಗೇಹಳ್ಳಿಯ ಆ ಇಪ್ಪತ್ತು ಹೆಂಗಸರು ನೆನಪಾಗುತ್ತಿದ್ದರು. ಮನಸ್ಸಿಗೆ ಹಿತವಾಗುತ್ತಿತ್ತು.

ಶಿವರಾತ್ರಿ ಮುಗಿದ ವಾರ ಹಾಸನಕ್ಕೆ ಹೋದೆವು. ಡಾಕ್ಟರು ವೇಲು ಸರಿಸಿದವರು ಕಲೆಯನ್ನು ನೋಡುವ ಮೊದಲು ದಾರವನ್ನು ನೋಡಿದರು. ಅದನ್ನು ಒಂದು ಬೆರಳಲ್ಲಿ ಎತ್ತಿ ಹಿಡಿದು, ಇದು ಬೇಡ ಅಂತ ಅಷ್ಟು ಒತ್ತಿ ಹೇಳಿದ್ದೆನಲ್ಲ, ಹಾಳೆಯಲ್ಲಿ ಗೆರೆ ಹಾಕಿ ಕೊಟ್ಟಿದ್ದೆನಲ್ಲ ಅಂದರು. ಡಾಕ್ಟರ ಎದುರಿಗೆ ನಾವು ಮೂವರು, ಅವ್ವ, ನಾದಿನಿ, ನಾನು. ನಾದಿನಿ ನನ್ನ ಕಡೆ ತಿರುಗಿದಳು. ಒಂದು ಉಸಿರು ಎಳೆದು ಬಿಡುವಷ್ಟು ಸಮಯ ನನಗಿತ್ತು. ಮರೆತೆ ಅಂದಿದ್ದರೂ ಆಗುತ್ತಿತ್ತು. ಬೈಯುತ್ತಿದ್ದರು, ಮುಗಿಯುತ್ತಿತ್ತು. 'ನಾನು ಹೇಳಿದ್ದೆ ಸರ್,' ಅಂದೆ, 'ಅತ್ತೆ ಕೇಳಲಿಲ್ಲ.'

ಅವ್ವ ಬಾಯಿ ತೆರೆದರು. ಇಲ್ಲ ಅನ್ನುತ್ತಾರೆ, ನನ್ನ ಬಂಡವಾಳ ಇಲ್ಲೇ ಬಯಲಾಗುತ್ತದೆ ಅಂದುಕೊಂಡೆ. ಅವರು ಇಲ್ಲ ಅನ್ನಲಿಲ್ಲ. ನನ್ನನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು, ಮತ್ತೆ ನನ್ನನ್ನು ನೋಡಿದರು. ಸೊಸೆ ಸುಳ್ಳು ಹೇಳುತ್ತಾಳೆ ಅನ್ನುವುದು ಅವರ ತಲೆಗೇ ಹೋಗಲಿಲ್ಲ. ಅವಳು ಹೇಳಿದ್ದಾಳೆ ಅಂದ ಮೇಲೆ ಹೇಳಿರಬೇಕು. ನನಗೆ ನೆನಪಿಲ್ಲ ಅಂದ ಮೇಲೆ ನಾನೇ ಮರೆತಿರಬೇಕು. ಆ ಲೆಕ್ಕಾಚಾರ ಅವರ ಮುಖದ ಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. 'ಅಂದಿದ್ಲು ಅನ್ಸುತ್ತೆ ಸಾ,' ಅಂದರು ಡಾಕ್ಟರಿಗೆ. 'ನಂಗೇ ನೆಪ್ಪಿಲ್ಲ.'

ಅವ್ವನ ನೆನಪು ನಮ್ಮ ಕಡೆ ಹೆಸರುವಾಸಿಯಾಗಿತ್ತು ಅನ್ನುವುದನ್ನು ಇಲ್ಲಿ ಹೇಳಬೇಕು. ಯಾವ ಮನೆಯ ಯಾವ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿತು, ಯಾರ ಅಜ್ಜಿ ಯಾವ ಊರಿನಿಂದ ಬಂದವಳು, ಯಾವ ಬಾಣಂತಿಗೆ ಯಾವ ಕಷಾಯ ಒಗ್ಗಲಿಲ್ಲ, ಎಲ್ಲ ಬಾಯಲ್ಲೇ ಇರುತ್ತಿತ್ತು. ಹೆಣ್ಣು ತರುವವರು ಫೋನು ಮಾಡಿ ಕೇಳುತ್ತಿದ್ದರು. ನೆಂಟರಿಷ್ಟರಲ್ಲಿ ಹೆರಿಗೆಯಾದರೆ ಎಳೆಗೂಸಿಗೆ ನೀರು ಹಾಕಲು ಅವ್ವನೇ ಬರಬೇಕು. ನುಗ್ಗೇಹಳ್ಳಿಯಿಂದ ಹಳೇಕೋಟೆತನಕ ಅವರ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡ ಮಕ್ಕಳು ಈಗ ಮೀಸೆ ಬಿಟ್ಟುಕೊಂಡು ಓಡಾಡುತ್ತಿದ್ದಾರೆ.

ವಾಪಸ್ ಬರುವಾಗ ಕಾರು ಶಾಂತಿಗ್ರಾಮ ದಾಟಿತು. ಆಮೇಲೆ ನಾದಿನಿ ಮುಂದಿನ ಸೀಟಿನಿಂದ, ಹಿಂದಕ್ಕೆ ತಿರುಗದೆ ಹೇಳಿದಳು. 'ನಿಂಗೆ ನನ್ನ ಕತ್ತಿಗಿಂತ ನಿನ್ನ ದಾರ ಹೆಚ್ಚಾಯ್ತಲ್ಲವ್ವ.' ಅವ್ವ ಪಕ್ಕದಲ್ಲಿ ನನ್ನ ಮೊಣಕೈ ಹಿಡಿದುಕೊಂಡು ಕೂತಿದ್ದರು. ನನಗಾದರೂ ಯಾಕೆ ಹೇಳಲಿಲ್ಲ ಅಂತ ಅವಳು ನನ್ನನ್ನೂ ಕೇಳಿದಳು. ನೀವಿಬ್ಬರೂ ಜಗಳ ಆಡ್ತೀರಿ ಅಂತ ಸುಮ್ಮನಾದೆ ಅಂದೆ. ಅಂಥ ಮಾತುಗಳು ಆ ದಿನಗಳಲ್ಲಿ ನನ್ನ ಬಾಯಿಗೆ ತಾವಾಗಿಯೇ ಬರುತ್ತಿದ್ದವು. ಅವಳು ಅವ್ವನ ಜೊತೆ ಮಾತು ಬಿಟ್ಟಳು. ಅವಳ ಲಿಂಗ ಮತ್ತೆ ತೋಳಿಗೆ ಹೋಯಿತು, ಆದರೆ ಕಟ್ಟಿದ್ದು ನಾನು.

ಉಬ್ಬಿದ ಕಲೆಗೆ ತಿಂಗಳಿಗೊಂದು ಇಂಜೆಕ್ಷನ್, ಆ ಗಟ್ಟಿ ಚರ್ಮದೊಳಕ್ಕೇ ಸೂಜಿ ಇಳಿಸುತ್ತಿದ್ದರು. ಅವಳು ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದುಕೊಳ್ಳುವಳು. ಅವ್ವ ಹೊರಗಿನ ಬೆಂಚಿನಲ್ಲಿ ಕೂತು, ಒಳಗಿಂದ ಮಗಳ ನರಳಾಟ ಕೇಳಿದಾಗಲೆಲ್ಲ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಳ್ಳುವುದು ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. ಇವತ್ತು ಹೇಳಿಬಿಡುತ್ತೇನೆ ಅಂತ ಪ್ರತಿ ಸಲವೂ ಅಂದುಕೊಂಡು ಕಾರು ಹತ್ತುತ್ತಿದ್ದೆ.

ಯುಗಾದಿ ಬಂತು, ಅರಕಲಗೂಡಿನವರು ನಿಶ್ಚಿತಾರ್ಥಕ್ಕೆ ಬಂದರು. ಆ ಬಿಸಿಲಿನಲ್ಲಿ ನಾದಿನಿಗೆ ಕತ್ತಿನತನಕ ಮುಚ್ಚುವ ರವಿಕೆ ಹೊಲಿಸಿದ್ದೆವು. ಬೆವರಿಳಿಯುತ್ತಿತ್ತು. ಹುಡುಗನ ತಾಯಿ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ, ಆ ಗುಂಡಿ ಬಿಚ್ಚವ್ವ, ಸೆಕೆ, ನಮಗೆಲ್ಲ ಗೊತ್ತದೆ, ನನ್ನ ತಂಗಿಗೂ ಅದೇ ಆಪರೇಷನ್ ಆಗದೆ ಅಂದಳು. ನಾದಿನಿ ಮೊದಲ ಸ್ಕ್ಯಾನ್ ಆದ ದಿನವೇ ಹುಡುಗನಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳಂತೆ. ಆಪರೇಷನ್ ದಿನ ಅವನು ಹಾಸನದ ಆಸ್ಪತ್ರೆಯ ಗೇಟಿನ ಹತ್ತಿರ ಮಧ್ಯಾಹ್ನದತನಕ ನಿಂತಿದ್ದನಂತೆ. ಆ ಹುರಿಗಟ್ಟಿದ ಕಲೆಯನ್ನು ಅವನು ಎಲ್ಲರ ಎದುರಿಗೆ ನೋಡಿ, ನೋವೈತಾ ಅಂತ ಕೇಳಿದ, ಅಷ್ಟೆ. ನಾನು ಇಷ್ಟು ತಿಂಗಳು ಕಷ್ಟಪಟ್ಟು ಬೆಳೆಸಿದ್ದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ, ಒಳಗೆ ಹೋಗಿ ಹಲ್ಲು ಕಚ್ಚಿಕೊಂಡೆ.

ಹೀಗೆ ನಾನು ಹಾಕಿದ ಏಟು ಹಾಕಬೇಕೆಂದವಳಿಗೆ ತಾಗಲೇ ಇಲ್ಲ. ಅವಳು ಚೆನ್ನಾಗಿ ಮದುವೆಯಾಗಿ ಅರಕಲಗೂಡಿಗೆ ಹೋದಳು, ಇಂಜೆಕ್ಷನ್ನಿಗೆ ಕಲೆಯೂ ಅರ್ಧ ತಗ್ಗಿತು, ತಾಯಿಯ ಜೊತೆ ಮಾತೂ ಶುರುವಾಯಿತು. ಅವಳಿಗೆ ಎಲ್ಲ ಸರಿಹೋಯಿತು. ಅವ್ವನಿಗೆ ಹೋಗಲಿಲ್ಲ. ಅವರು ತಮ್ಮನ್ನು ತಾವು ನಂಬುವುದನ್ನು ಬಿಟ್ಟುಬಿಟ್ಟಿದ್ದರು. ಗ್ಯಾಸ್ ಆರಿಸಿ ಬಂದು, ಆರಿಸಿದ್ದೀನಾ ನೋಡವ್ವ ಅನ್ನುವರು. ಯಾರೋ ನಕ್ಷತ್ರ ಕೇಳಿ ಫೋನು ಮಾಡಿದರೆ, ನನಗೆ ಈಗ ಮರೆವು ಕಣ್ರಪ್ಪ, ಬೇರೆಯೋರ್ನ ಕೇಳಿ ಅಂತ ಇಟ್ಟುಬಿಡುವರು. ಒಂದು ದಿನ ಹಾಲು ಉಕ್ಕಿತು. ಹಾಲು ಎಲ್ಲರ ಮನೆಯಲ್ಲೂ ಉಕ್ಕುತ್ತದೆ. ನೋಡ್ದಾ, ನೋಡ್ದಾ ಅಂತ ಒಲೆ ಮುಂದೆ ಕೂತು ಅತ್ತರು. ಪರವಾಗಿಲ್ಲ ಅವ್ವ, ವಯಸ್ಸಾಯ್ತಲ್ಲ ಅಂದೆ. ಬಂದವರಿಗೆಲ್ಲ, ನನ್ನ ಸೊಸೆ ಬಾಯಿ ಬಡ್ಕಂಡ್ಳು, ನಾನೇ ಮರ್ತು ಮಗಳ ಕತ್ತು ಹಾಳು ಮಾಡ್ದೆ ಅಂತ ಹೇಳಿ ನನ್ನನ್ನು ಹೊಗಳುತ್ತಿದ್ದರು. ಕಾಫಿ ಲೋಟ ಹಿಡಿದು ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ನಾದಿನಿ ಹೆರಿಗೆಗೆ ಬಂದಳು. ಹಾಸನದಲ್ಲಿ ಹೆಣ್ಣುಮಗುವಾಯಿತು. ತಾಯಿ, ಮಗು ಮನೆಗೆ ಬರುವ ಹಿಂದಿನ ದಿನ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅವ್ವ ಬಂದು ಕಲ್ಲಿನ ಮೇಲೆ ಕೂತರು. ಮಗುವಿಗೆ ನೀರು ಹಾಕಲು ತಮಗೆ ಹೆದರಿಕೆಯಾಗುತ್ತಿದೆ ಅಂದರು. ನೀರಿನ ಬಿಸಿ ನೋಡಿದ್ದೇನೋ ಇಲ್ಲವೋ ಅಂತ ಕೈಯಲ್ಲಿ ಕೂಸು ಇಟ್ಟುಕೊಂಡು ಮರೆತರೆ ಏನು ಗತಿ ಅಂದರು. ಆಮೇಲೆ ನನ್ನ ಕಣ್ಣು ನೋಡಿ ಕೇಳಿದರು.

'ನಿಜ ಯೋಳವ್ವ. ಅವತ್ತು ನೀನು ದಾರ ಬ್ಯಾಡ ಅಂತ ಅಂದಿದ್ಯಾ? ಎಷ್ಟು ಯೋಚ್ನೆ ಮಾಡಿದ್ರೂ ನಂಗೆ, ಏನೂ ಅಂದಿಲ್ಲ ಹಾಕಿ, ಅಂತ ನೀನು ಅಂದಂಗೇ ಆಯ್ತದೆ. ನೀನು ಅಂದಿಲ್ಲ ಅನ್ನಂಗಿದ್ರೆ, ನನ್ನ ತಲೆ ನೆಟ್ಟಗದೆ ಅಂತ ಆಯ್ತು. ನನ್ನ ಮೊಮ್ಮಗೀಗೆ ನಾನೇ ನೀರಾಕ್ತೀನಿ.'

ಅವರಿಗೆ ಕೋಪವಿರಲಿಲ್ಲ. ನನ್ನನ್ನು ಹಿಡಿದುಹಾಕುವ ಇರಾದೆ ಇರಲಿಲ್ಲ. ಹೇಳಿಲ್ಲ ಅಂದಿದ್ದರೆ, ಅಯ್ಯೋ ಹೋಗ್ಲಿ ಬುಡು ಅಂತ ಅಲ್ಲಿಗೇ ಬಿಡುತ್ತಿದ್ದರು ಅನ್ನುವುದು ನನಗೆ ಖಂಡಿತ ಗೊತ್ತಿತ್ತು. ಎರಡು ವರ್ಷದಿಂದ ಹಾಸನದ ದಾರಿಯಲ್ಲಿ ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮಾತು ಅದೇ ಆಗಿತ್ತು. ಆದರೆ ಅವರು ಹಾಕುವುದಿಲ್ಲ ಅಂದರೆ ನೀರು ಹಾಕುವವರು ಯಾರು ಅನ್ನುವುದೂ ಅದೇ ಗಳಿಗೆಯಲ್ಲಿ ನನಗೆ ಹೊಳೆಯಿತು. ಮೂರು ತಿಂಗಳು, ದಿನಾ ಬೆಳಿಗ್ಗೆ, ಒಂದು ಮಗು.

'ಹೇಳಿದ್ದೆ ಅವ್ವ,' ಅಂದೆ. 'ಎರಡು ಸಲ ಹೇಳಿದ್ದೆ.'

ಅವರು ತಲೆಯಾಡಿಸಿ, ಸೀರೆ ಕೊಡವಿಕೊಂಡು ಎದ್ದು ಒಳಗೆ ಹೋದರು. ನಾನು ಉಳಿದ ಬಟ್ಟೆ ಒಣಹಾಕಿದೆ.

ಮಗು ಬಂದ ಮೂರನೆ ದಿನದಿಂದ ನೀರು ಹಾಕುವುದು ಶುರುವಾಯಿತು. ಅತ್ತಿಗೆ ಕೈ ಅಂದ್ರೆ ನಂಗೆ ಯೋಚ್ನೆ ಇಲ್ಲ ಅಂತ ನಾದಿನಿಯೇ ಮಗುವನ್ನು ನನ್ನ ಕೈಗೆ ಕೊಟ್ಟಳು. ಬಚ್ಚಲಲ್ಲಿ ಮಣೆ ಮೇಲೆ ಕೂತು, ಕಾಲು ನೀಡಿ, ಎಣ್ಣೆ ಹಚ್ಚಿದ ಕೂಸನ್ನು ಮಲಗಿಸಿಕೊಂಡೆ. ಅಷ್ಟು ಮೆತ್ತಗಿನದು ನನ್ನ ಮೈಗೆ ತಾಗಿದ್ದು ಅದೇ ಮೊದಲು. ಬಿಸಿನೀರು ಬೆನ್ನಿಗೆ ಬಿದ್ದೊಡನೆ ಅಳು ನಿಲ್ಲಿಸಿ ಸುಮ್ಮನಾಯಿತು. ಅವ್ವ ಹೊಸ್ತಿಲಾಚೆ ಟವೆಲ್ ಹಿಡಿದುಕೊಂಡು ನಿಂತಿದ್ದರು, ಕತ್ತು ಚಾಚಿ ಚಾಚಿ ನೋಡುತ್ತಿದ್ದರು. ಇನ್ನೊಂದು ಚೂರು ಹತ್ರಕ್ಕೆ ಬರ್ಲೇನವ್ವ ಅಂತ ನನ್ನನ್ನು ಕೇಳಿದರು.

ಬೇಡ ಅವ್ವ, ನೆಲ ಜಾರುತ್ತೆ ಅಂದೆ.